ಎಂಟು ತಗಡಿನ ಮಸಿ

ಗುಮಟಾಪುರದಲ್ಲಿ ಶಿವನಂಜಮ್ಮನ ಮನೆಯ ಪಾತ್ರೆಗಳಿಗೆ ದೊಡ್ಡ ಹೆಸರಿತ್ತು. ಆ ಮನೆಯ ಸಾರಿನ ಪಾತ್ರೆಯ ತಳ ನೋಡಿಕೊಂಡೇ ಬೈತಲೆ ತೆಗೆಯಬಹುದು ಎಂದು ಊರಿನ ಹೆಂಗಸರು ಹೇಳುತ್ತಿದ್ದರು. ಮೆಚ್ಚಿ ಹೇಳುತ್ತಿದ್ದರೋ, ಹೊಟ್ಟೆಯುರಿದು ಹೇಳುತ್ತಿದ್ದರೋ, ವಿಚಾರಿಸುವ ಗೋಜಿಗೆ ಶಿವನಂಜಮ್ಮ ಹೋಗಿರಲಿಲ್ಲ. ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ಅತ್ತೆ ಅವಳ ಕೈಗೆ ಬೀಗದ ಕೈ ಕೊಟ್ಟಿರಲಿಲ್ಲ. ಒಂದು ಉಂಡೆ ಹುಣಸೆಹಣ್ಣು, ಒಂದು ಹಿಡಿ ಬೂದಿ, ಒಂದಿಷ್ಟು ತೆಂಗಿನ ನಾರು ಕೊಟ್ಟಿದ್ದರು. ಮಸಿ ಇರುವ ಮನೆಗೆ ಶಿವ ಕಾಲಿಡುವುದಿಲ್ಲ ಎಂಬುದು ಆ ಮಹಾತಾಯಿಯ ಸಿದ್ಧಾಂತ. ಆಮೇಲಿನ ಮೂವತ್ತೊಂದು ವರ್ಷದಲ್ಲಿ ಶಿವ ಎಷ್ಟು ಸಲ ಬಂದು ಹೋದನೋ ಗೊತ್ತಿಲ್ಲ, ಮಸಿಯಂತೂ ಬಂದಿರಲಿಲ್ಲ.

ಅಂಥ ಮನೆಗೆ ಮಸಿಯನ್ನು ಹೊತ್ತು ತಂದವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳೇ. ಪವಿತ್ರ ಘಟ್ಟದ ಕೆಳಗಿನ ತಮಿಳು ಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ಐದು ವರ್ಷದಿಂದ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಐದು ವರ್ಷ ಓದಿದ ಮೇಲೆ ಏನು ತರುತ್ತಾಳೋ ಎಂದು ಮನೆಯವರು ಕಾದಿದ್ದರೆ ಎಂಟು ತಗಡು ತಂದಳು. ಒಂದೊಂದೂ ಮೊರದಷ್ಟು ಅಗಲ, ಕಡುಗಪ್ಪು. ತಗಡಿನ ಮೇಲೆ ಬಳಿದಿದ್ದು ಮಿಶ್ರಲೋಹದ ಪುಡಿ. ತಾಮ್ರಕ್ಕೆ ಪಲ್ಲಾಡಿಯಂ ಎಂಬ ಲೋಹವನ್ನು ಚಿಟಿಕೆಯಷ್ಟು ಸೇರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಾಳು ಮಾಡಿ, ಆ ಕಾಳುಗಳನ್ನು ಸುಣ್ಣದಂಥ ಇನ್ನೊಂದು ಪುಡಿಯ ಮೇಲೆ ಕೂರಿಸಿದ್ದಳು. ತಗಡನ್ನು ಗಾಜಿನ ತೊಟ್ಟಿಯೊಳಗೆ ನೀರಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ, ಬೆಳಕು ತಾಗಿದ ಪುಡಿ ನೀರನ್ನೇ ಒಡೆದು ಹೈಡ್ರೋಜನ್ ಗುಳ್ಳೆ ಎಬ್ಬಿಸುತ್ತಿತ್ತು. ನೀರು ಖರ್ಚಾಗುತ್ತಿತ್ತೇ ಹೊರತು ಪುಡಿ ಖರ್ಚಾಗುತ್ತಿರಲಿಲ್ಲ. ಗುಳ್ಳೆಗಳೆಲ್ಲ ಕೊಳವೆಯಲ್ಲಿ ಹಾದು, ನೀರಲ್ಲಿ ಬೋರಲು ಹಾಕಿದ ಗೆರೆ ಕೊರೆದ ಜಾಡಿಗೆ ಸೇರುತ್ತಿದ್ದವು. ಸಂಜೆ ಪವಿತ್ರ ಬಗ್ಗಿ ಗೆರೆ ನೋಡಿ, ಇಷ್ಟು ಲೀಟರ್ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳು.

ಒಳ್ಳೆಯ ಬಿಸಿಲಿದ್ದ ದಿನ ಹನ್ನೆರಡು ಲೀಟರ್ ಬರುತ್ತಿತ್ತು. ಅಷ್ಟು ಅನಿಲದಲ್ಲಿ ಏನಾಗುತ್ತದೆ ಎಂದು ಅಪ್ಪ ಸಿದ್ದಮಲ್ಲಪ್ಪ ಕೇಳಿದರು. ಒಂದು ಲೋಟ ಕಾಫಿ ಕಾಯುತ್ತದೆ ಎಂದಳು. ಸಿದ್ದಮಲ್ಲಪ್ಪ ಮಿತಭಾಷಿ. ಸೂರ್ಯನನ್ನು ನೋಡಿದರು, ತಗಡುಗಳನ್ನು ನೋಡಿದರು, ಮಗಳ ಐದು ವರ್ಷವನ್ನು ಮನಸ್ಸಿನಲ್ಲೇ ನೋಡಿದರು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹೊಲಕ್ಕೆ ಹೋದರು. ಆದರೆ ಪವಿತ್ರಳಿಗೆ ಆ ಇಲಿಯೇ ಬೇಕಾಗಿತ್ತು. ಪ್ರಯೋಗಶಾಲೆಯ ದೀಪದ ಕೆಳಗಲ್ಲ, ತಾಳವಾಡಿ ಬೆಟ್ಟದ ನಿಜವಾದ ಬಿಸಿಲು, ಮೋಡ, ಮಂಜಿನಲ್ಲಿ ಈ ತಗಡು ಒಂದು ದಿನವೂ ತಪ್ಪದೆ ಅರವತ್ತು ದಿನ ಕೆಲಸ ಮಾಡಿತು ಎಂದು ತೋರಿಸಿದರೆ ಅವಳಿಗೆ ಡಾಕ್ಟರೇಟು. ನಡುವೆ ಒಂದು ದಿನ ತಪ್ಪಿದರೂ ಲೆಕ್ಕ ಮತ್ತೆ ಒಂದರಿಂದ ಶುರು. ಈ ಕರಾರನ್ನು ಮನೆಯವರೆಲ್ಲ ಬಾಯಿಪಾಠ ಮಾಡಿದ್ದರು.

ಶಿವನಂಜಮ್ಮನಿಗೆ ಆ ತಗಡುಗಳ ಮೇಲೆ ಪ್ರೀತಿ ಇರಲಿಲ್ಲ, ಭಯವಿತ್ತು. ಹತ್ತನೆಯ ದಿನವೋ ಏನೋ, ಮಗಳು ಆ ದಿನದ ಅನಿಲವನ್ನು ಸಣ್ಣ ಒಲೆಯಲ್ಲಿ ಉರಿಸಿ ಖಾಲಿ ಮಾಡುತ್ತಿದ್ದಳು. ಒಲೆಯ ಮೇಲೆ ಏನೂ ಕಾಣಲಿಲ್ಲ. ಕೆಂಪಿಲ್ಲ, ನೀಲಿಯಿಲ್ಲ, ಹೊಗೆಯಿಲ್ಲ. ಆರಿ ಹೋಗಿದೆ ಎಂದುಕೊಂಡು ಶಿವನಂಜಮ್ಮ ಒರೆಸಲು ಬಟ್ಟೆ ಹಿಡಿದು ಕೈಯಿಟ್ಟಳು. ಎರಡು ಬೆರಳಿಗೆ ಬೊಬ್ಬೆ ಬಂತು. ಹೈಡ್ರೋಜನ್ ಹಗಲು ಹೊತ್ತು ಉರಿದರೆ ಕಣ್ಣಿಗೆ ಕಾಣುವುದಿಲ್ಲ ಅವ್ವ ಎಂದು ಮಗಳು ಬೆಣ್ಣೆ ಹಚ್ಚುತ್ತ ತಿಳಿಸಿದಳು. ಅಂದಿನಿಂದ ಶಿವನಂಜಮ್ಮ ಆ ಬೆಂಕಿಯನ್ನು ನಂಬಿದಳು. ಸುಟ್ಟುಕೊಂಡವರ ನಂಬಿಕೆಯೇ ಬೇರೆ.

ಆದರೆ ಎಲ್ಲರ ಬೆರಳೂ ಸುಡಲಾಗುತ್ತದೆಯೇ? ಪವಿತ್ರಳ ಮಾರ್ಗದರ್ಶಕರಾದ ಪ್ರೊಫೆಸರ್ ಮನೋಹರ ಅವರಿಗೆ ಇದೇ ಚಿಂತೆ. ಇವರೂ ತಾಳವಾಡಿ ಕಡೆಯವರೇ, ಘಟ್ಟ ಇಳಿದು ದೊಡ್ಡವರಾದವರು. ದೊಡ್ಡವರಾಗುವುದು ಹೇಗೆಂದರೆ, ಒಂದು ಯೋಜನೆ ಮುಗಿಯುವ ಮೊದಲೇ ಇನ್ನೊಂದು ದೊಡ್ಡ ಯೋಜನೆಗೆ ಅರ್ಜಿ ಹಾಕಿರಬೇಕು. ಅವರು ಹಾಕಿದ್ದರು. ಎಂಟು ತಗಡಿನ ಜಾಗದಲ್ಲಿ ಎಂಟು ನೂರು ತಗಡು. ಅದನ್ನು ಮಂಜೂರು ಮಾಡುವ ಮೊದಲು ಐದು ಜನರ ಸಮಿತಿ ಗುಮಟಾಪುರಕ್ಕೇ ಬಂದು ಜ್ವಾಲೆ ನೋಡುತ್ತದೆ ಎಂದು ಗೊತ್ತಾಗಿತ್ತು. ಕಾಣದ ಜ್ವಾಲೆಯನ್ನು ಸಮಿತಿಗೆ ಹೇಗೆ ತೋರಿಸುವುದು ಎಂದು ಮನೋಹರ ತಲೆ ಕೆಡಿಸಿಕೊಂಡಿದ್ದರು. ಪವಿತ್ರಳೇ ಒಂದು ಚಿಟಿಕೆ ಉಪ್ಪು ಹಾಕಿದರೆ ಹಳದಿ ಬಣ್ಣ ಬರುತ್ತದೆ ಎಂದು ದಾರಿ ತೋರಿಸಿದ್ದಳು. ಅದು ಮೋಸವಲ್ಲ, ಬೆಂಕಿಗೆ ಕುಂಕುಮ ಇಟ್ಟ ಹಾಗೆ.

ಸಮಿತಿಯವರು ಬರುವ ದಿನವನ್ನು ಗೊತ್ತು ಮಾಡಿದವರು ಪಂಚಾಂಗ ನೋಡಿರಲಿಲ್ಲ. ಅದು ಗೊರೆ ಹಬ್ಬದ ಮಾರನೆಯ ದಿನವಾಗಿತ್ತು.

ಗೊರೆ ಹಬ್ಬ ಎಂದರೆ ದೀಪಾವಳಿ ಮುಗಿದ ಮೇಲೆ ಬೀರೇಶ್ವರನ ಗುಡಿಯ ಹಿಂದೆ ಊರಿನ ಕೊಟ್ಟಿಗೆಗಳ ಸಗಣಿಯನ್ನೆಲ್ಲ ಗುಡ್ಡೆ ಹಾಕಿ, ಗಂಡಸರು ಅದರಲ್ಲಿ ಇಳಿದು ಒಬ್ಬರಿಗೊಬ್ಬರು ಉಂಡೆ ಕಟ್ಟಿ ಹೊಡೆದುಕೊಳ್ಳುವುದು. ಮೈಗೆ ಬಿದ್ದರೆ ರೋಗ ಹೋಗುತ್ತದೆ ಎಂಬ ನಂಬಿಕೆ. ರೋಗ ಹೋಗುವುದು ಗಂಡಸರದು, ತೊಳೆಯುವುದು ಹೆಂಗಸರದು. ಬೇರೆ ದಿನಗಳಲ್ಲಿ ನಾಲ್ಕು ಮಾತು ಆಡದ ಸಿದ್ದಮಲ್ಲಪ್ಪನವರು ಕೂಡ ಆ ದಿನ ಕಿವಿಯ ಒಳಗಿನವರೆಗೂ ಸಗಣಿ ತುಂಬಿಕೊಂಡು ಬಂದು, ಜಗಲಿ, ಕಂಬ, ಹಿತ್ತಿಲ ಬಾಗಿಲು, ಮುಟ್ಟಿದ್ದಕ್ಕೆಲ್ಲ ಹಬ್ಬ ಹಂಚಿದ್ದರು. ಹಾಗಾಗಿ ಗೊರೆ ಹಬ್ಬದ ಮಾರನೆಯ ಬೆಳಿಗ್ಗೆ ಗುಮಟಾಪುರದಲ್ಲಿ ಪ್ರತಿ ಮನೆಯಲ್ಲೂ ತೊಳೆಯುವ ಹಬ್ಬ. ಇರುವ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ ಉಜ್ಜದ ಹೆಂಗಸನ್ನು ಊರು ಹೆಂಗಸೆಂದು ಒಪ್ಪುವುದಿಲ್ಲ.

ಪವಿತ್ರ ದಿನವೂ ಸಂಜೆ ತಗಡುಗಳನ್ನು ತೊಟ್ಟಿಯಿಂದ ತೆಗೆದು, ಬರೀ ನೀರಲ್ಲಿ ಅದ್ದಿ, ಹಿತ್ತಿಲ ಜಗಲಿಯ ಮೇಲೆ ಸಾಲಾಗಿ ಒರಗಿಸುತ್ತಿದ್ದಳು. ಬೆಳಿಗ್ಗೆ ಮತ್ತೆ ತೊಟ್ಟಿಗೆ. ಐವತ್ತಾರು ದಿನ ಹೀಗೆ ನಡೆದಿತ್ತು. ಐವತ್ತೇಳನೆಯ ದಿನ, ಸಮಿತಿಯವರು ಬರುವ ದಿನ, ಮುಂಜಾನೆಯೇ ಎದ್ದು ಅವಳು ಮನೋಹರರನ್ನು ಎದುರುಗೊಳ್ಳಲು ತಾಳವಾಡಿ ಬಸ್‌ಸ್ಟ್ಯಾಂಡಿಗೆ ಸ್ಕೂಟರಿನಲ್ಲಿ ಹೋದಳು. ಬಂದು ತಗಡು ಹಾಕುತ್ತೇನೆ, ಯಾರೂ ಮುಟ್ಟಬೇಡಿ ಎಂದು ಅಪ್ಪನಿಗೆ ಹೇಳಿಯೇ ಹೋದಳು. ಅಪ್ಪನ ಕಿವಿಯ ಸ್ಥಿತಿ ಆಗಲೇ ಹೇಳಿದ್ದೇನೆ.

ಶಿವನಂಜಮ್ಮ ಕೊಡ, ತಪ್ಪಲೆ, ಚೊಂಬು, ಪೂಜೆಯ ತಟ್ಟೆ ಎಲ್ಲ ಮುಗಿಸಿ ತಲೆಯೆತ್ತಿದಾಗ ಜಗಲಿಯ ಮೇಲೆ ಎಂಟು ಕಪ್ಪು ತಗಡು ಕಂಡವು. ಅವುಗಳ ಮೇಲೆ ಸಗಣಿಯ ಸಿಡಿತವೂ ಇತ್ತು. ಅವಳು ತಕ್ಷಣ ಕೈ ಹಾಕಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಸ್ವಲ್ಪ ಹೊತ್ತು ನಿಂತು ಯೋಚಿಸಿದಳು. ಆದರೆ ಅವಳ ತಿಳಿವಳಿಕೆಯಲ್ಲಿ ಕೆಲಸ ಮಾಡುವುದು ತಗಡು. ಕಪ್ಪು ಎನ್ನುವುದು ಕೆಲಸ ಮಾಡಿ ಮಾಡಿ ಹಿಡಿದ ಮಸಿ. ಒಲೆಯ ಮೇಲಿಟ್ಟ ಪಾತ್ರೆಗೆ ಮಸಿ ಹಿಡಿಯುವುದಿಲ್ಲವೇ, ಬೆಂಕಿ ಹುಟ್ಟಿಸುವ ತಗಡಿಗೆ ಹಿಡಿಯದೆ ಇರುತ್ತದೆಯೇ? ಹೆಣ್ಣುಮಗಳಿಗೆ ಎರಡು ತಿಂಗಳಿಂದ ಉಜ್ಜಲು ಪುರುಸೊತ್ತಿಲ್ಲ, ಬರಿ ನೀರಲ್ಲಿ ಅದ್ದಿ ಇಡುತ್ತದೆ ಪಾಪ. ದೊಡ್ಡ ದೊಡ್ಡವರು ಬರುವ ದಿನ ಇಂಥದನ್ನು ಮುಂದಿಟ್ಟರೆ, ತಾಯಿ ಏನು ಕಲಿಸಿದಳು ಎನ್ನುವುದಿಲ್ಲವೇ? ಪ್ರೀತಿ ಉಕ್ಕಿ ಬಂತು. ಪ್ರೀತಿ ಉಕ್ಕಿದಾಗ ಶಿವನಂಜಮ್ಮನ ಕೈ ಹುಣಸೆಹಣ್ಣಿಗೆ ಹೋಗುತ್ತದೆ.

ಮಸಿ ಸುಲಭಕ್ಕೆ ಬಿಡಲಿಲ್ಲ. ಅದರಿಂದ ಅವಳಿಗೆ ಇನ್ನೂ ಹಟ ಬಂತು. ಹುಣಸೆಹಣ್ಣು, ಬೂದಿ, ಕೊನೆಗೆ ಇಟ್ಟಿಗೆಪುಡಿಯನ್ನೂ ಹಾಕಿ, ಸೆರಗು ಸಿಕ್ಕಿಸಿ ಉಜ್ಜಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಐದು ವರ್ಷದ ಈ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಎಂಟೂ ತಗಡು ಬೆಳ್ಳಿಯ ಹಾಗೆ ಹೊಳೆದವು. ಅವನ್ನು ಬಿಸಿಲಿಗೆ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಮೂರು ಎಳೆ ವಿಭೂತಿ ಇಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡಳು. ಬಚ್ಚಲಿನ ನೀರು ಕರ್ರಗೆ ಹರಿದು ಬಾಳೆಯ ಬುಡ ಸೇರಿತು.

ಹತ್ತು ಗಂಟೆಯ ಹೊತ್ತಿಗೆ ಸ್ಕೂಟರು ಬಂತು. ಹಿಂದೆ ಮನೋಹರ ಕೂತಿದ್ದರು. ಪವಿತ್ರ ಹಿತ್ತಿಲಿಗೆ ಬಂದವಳು ಹೊಳಪಿಗೆ ಕಣ್ಣು ಕಿರಿದು ಮಾಡಿ ನಿಂತಳು.

"ಅವ್ವ, ತಗಡು ಎಲ್ಲಿ?" ಎಂದಳು.

"ನಿನ್ ಮುಂದೇ ಮಡಗಿವ್ನಲ್ಲ ಮಗ, ಕಾಣ್ನಿಲ್ವ?" ಶಿವನಂಜಮ್ಮ ನಗುತ್ತಲೇ ಹೇಳಿದಳು. "ಏನ್ ಮಸಿ ಇಡ್ದಿತ್ತು ಅಂತೀಯ. ಉಜ್ಜಿ ಉಜ್ಜಿ ರಟ್ಟೆ ಬಿದ್ದೋಯ್ತು."

ಮಗಳು ಒಂದು ತಗಡನ್ನು ಎತ್ತಿ ನೋಡಿದಳು, ತಿರುಗಿಸಿ ಹಿಂದೆ ನೋಡಿದಳು, ಮೂಲೆಯನ್ನು ಉಗುರಿನಿಂದ ಕೆರೆದು ನೋಡಿದಳು. ಎಂಟನ್ನೂ ಹಾಗೆಯೇ ನೋಡಿ ಮುಗಿಸಿದಳು. ಆಮೇಲೆ ಬಚ್ಚಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬಾಳೆಯ ಬುಡದ ಕೆಸರನ್ನು ನೋಡುತ್ತ ಇದ್ದುಬಿಟ್ಟಳು. ಅಲ್ಲಿಯವರೆಗೆ ಶಿವನಂಜಮ್ಮನಿಗೆ ತಿಳಿದಿರಲಿಲ್ಲ. ಮಗಳ ಬೆನ್ನು ನೋಡಿದ ಮೇಲೆ ತಿಳಿಯಿತು. ಕಪ್ಪೇ ಕೆಲಸ, ತಗಡು ಬರಿಯ ತಗಡು. ಮದುವೆಯಾದಂದಿನಿಂದ ತನ್ನ ಕೈಯ ಬಗ್ಗೆ ಹೆಮ್ಮೆಪಟ್ಟವಳಿಗೆ ಅವತ್ತು ಆ ಎರಡು ಕೈಗಳನ್ನು ಎಲ್ಲಿಡುವುದೆಂದು ಗೊತ್ತಾಗಲಿಲ್ಲ.

ಪ್ರೊಫೆಸರ್ ಮನೋಹರರೂ ಒಂದು ಕ್ಷಣ ತಲೆಯ ಮೇಲೆ ಕೈ ಹೊತ್ತರು. ಒಂದು ಕ್ಷಣ ಮಾತ್ರ. ದೊಡ್ಡವರ ತಲೆಯ ಮೇಲೆ ಕೈ ಬಹಳ ಹೊತ್ತು ನಿಲ್ಲುವುದಿಲ್ಲ. ಕೊಟ್ಟಿಗೆಯ ಹಿಂದಿದ್ದ ಗೋಬರ್ ಗ್ಯಾಸಿನ ಗುಂಡಿ ಅವರ ಕಣ್ಣಿಗೆ ಬಿತ್ತು. ಅಮ್ಮ, ಇದರಲ್ಲಿ ಗ್ಯಾಸ್ ಇದೆಯಾ ಎಂದು ಕೇಳಿದರು. ಈ ಮನೆಯ ಸಗಣಿ ಪೂರ್ತಿ ಹಬ್ಬಕ್ಕೆ ಹೋಗಿರಲಿಲ್ಲ, ಹಿಂದಿನ ವಾರ ಹಾಕಿದ್ದು ಗುಂಡಿಯಲ್ಲಿತ್ತು, ಗ್ಯಾಸ್ ಇತ್ತು. ಹೊಲಕ್ಕೆ ನೀರು ಬಿಡುವ ಸಣ್ಣ ರಬ್ಬರ್ ಕೊಳವೆಯನ್ನು ಪ್ರೊಫೆಸರರೇ ತಮ್ಮ ಕೈಯಾರೆ ಗುಂಡಿಯಿಂದ ಗಾಜಿನ ತೊಟ್ಟಿಯವರೆಗೆ ಎಳೆದರು, ಮೇಲೆ ರಾಗಿ ಹುಲ್ಲು ಹರಡಿದರು. ಹೊಳೆಯುವ ತಗಡುಗಳನ್ನು ತೊಟ್ಟಿಗೆ ಹಾಕಿಸಿದರು. ಇಪ್ಪತ್ತೈದು ವರ್ಷದ ಅಧ್ಯಾಪಕ ವೃತ್ತಿಯಲ್ಲಿ ಅವರು ಇಷ್ಟು ಚುರುಕಾಗಿ ಒಂದು ಪ್ರಯೋಗವನ್ನು ಜೋಡಿಸಿದ್ದು ಅದೇ ಮೊದಲಿರಬೇಕು.

ಆಮೇಲೆ ಅವರು ಪವಿತ್ರಳ ಪಕ್ಕ ಕೂತು ಮೆಲ್ಲಗೆ ತಿಳಿಹೇಳಿದರು. ಐವತ್ತಾರು ದಿನದ ಅಂಕಿ ಸತ್ಯ. ಉಳಿದದ್ದು ನಾಲ್ಕೇ ದಿನ. ಐವತ್ತಾರು ದಿನ ಹನ್ನೆರಡು ಬಂದದ್ದು ಐವತ್ತೇಳನೇ ದಿನ ಬರುತ್ತಿರಲಿಲ್ಲವೇ? ಬರುತ್ತಿತ್ತು. ಹಾಗಾದರೆ ಬರೆದರೆ ಸುಳ್ಳು ಹೇಗಾಗುತ್ತದೆ? ಇವತ್ತು ಸಮಿತಿಯವರ ಮುಂದೆ ಒಂದು ಅಂಕಿ ಬರೆದುಬಿಡು, ಮಿಕ್ಕ ಮೂರು ದಿನದ್ದು ಕೂತು ಬರೆಯೋಣ. ಇಲ್ಲವಾದರೆ ಯೋಜನೆ ಹೋಗುತ್ತದೆ, ಸಂಕ್ರಾಂತಿಗೆ ನಿನ್ನ ಅವಧಿಯೂ ಮುಗಿಯುತ್ತದೆ, ಊರೆಲ್ಲ ನಿಮ್ಮ ತಾಯಿಯ ಹೆಸರು ಹೇಳಿ ನಗುತ್ತದೆ. ಈ ಕೊನೆಯ ಮಾತು ಹೇಳುವಾಗ ಅವರು ಶಿವನಂಜಮ್ಮನ ಕಡೆ ಬಹಳ ಕರುಣೆಯಿಂದ ನೋಡಿದರು.

ಶಿವನಂಜಮ್ಮ ಆಗ ಒಪ್ಪಿಕೊಂಡಳು. ನಾಲ್ಕು ದಿನ ತಾನೇ ಎಂದು ತನಗೆ ತಾನೇ ಹೇಳಿಕೊಂಡಳು. ಪವಿತ್ರ ಎದ್ದು ಮುಖ ತೊಳೆದುಕೊಂಡು ಬಂದು ತೊಟ್ಟಿಯ ಪಕ್ಕ ನಿಂತಳು.

ಸಮಿತಿಯವರು ಹನ್ನೊಂದಕ್ಕೆ ಬರುವವರು ಒಂದೂವರೆಗೆ ಬಂದರು. ಐದು ಜನ, ಎರಡು ಕಾರು. ಅಧ್ಯಕ್ಷರು ವಯಸ್ಸಾದವರು, ಇಡೀ ಆಯುಷ್ಯವನ್ನು ಅನಿಲಗಳಿಗೇ ಮೀಸಲಿಟ್ಟವರು ಎಂದು ಮನೋಹರ ತಮಿಳಿನಲ್ಲಿ ಪರಿಚಯ ಮಾಡಿಕೊಟ್ಟರು. ಶಾಲು, ಹಾರ, ಎಳನೀರು ಆದವು. ಹಿತ್ತಿಲಲ್ಲಿ ಊರಿನ ಹತ್ತಾರು ಜನ ಸೇರಿದ್ದರು. ಮನೋಹರ ಕೈಸನ್ನೆ ಮಾಡಿದರು, ಸಿದ್ದಮಲ್ಲಪ್ಪ ಗುಂಡಿಯ ಗ್ಯಾಸಿನ ತಿರುಪು ತೆರೆದು ಬಂದರು, ಒಲೆ ಹೊತ್ತಿತು. ಗೇಣುದ್ದ ನೀಲಿ ಜ್ವಾಲೆ, ಕಣ್ಣಿಗೆ ಹಬ್ಬ. ಸಮಿತಿಯವರು ಚಪ್ಪಾಳೆ ತಟ್ಟಿದರು. ಐವರೂ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಪಡೆದವರು. ಹೈಡ್ರೋಜನ್ ಜ್ವಾಲೆ ಹಗಲಲ್ಲಿ ಕಾಣುವುದಿಲ್ಲ ಎಂದು ಅವರೆಲ್ಲ ಒಂದಾನೊಂದು ಕಾಲದಲ್ಲಿ ಪರೀಕ್ಷೆಯಲ್ಲಿ ಬರೆದು ಎರಡೆರಡು ಅಂಕ ಪಡೆದಿರಲೇಬೇಕು. ಈ ಮೂವತ್ತು ವರ್ಷದಲ್ಲಿ ಇಂಥ ಹೈಡ್ರೋಜನ್ ಜ್ವಾಲೆಯನ್ನು ತಾವು ಎಲ್ಲೂ ನೋಡಿಲ್ಲ ಎಂದರು ಅಧ್ಯಕ್ಷರು. ಅವರು ಅವತ್ತು ಆಡಿದ ಮಾತುಗಳಲ್ಲಿ ನೂರಕ್ಕೆ ನೂರು ನಿಜವಾದದ್ದು ಅದೊಂದೇ.

ಡಾಕ್ಟರೇಟು ಇಲ್ಲದವರಿಗೆ ಮೂಗಿತ್ತು. ಪಕ್ಕದ ಮನೆಯ ಪುಟ್ಟಗೌರಮ್ಮ ಗಾಳಿ ಎಳೆದುಕೊಂಡು ಶಿವನಂಜಮ್ಮನ ಕಿವಿಯಲ್ಲಿ, "ನಿಮ್ ಗುಂಡಿ ಗ್ಯಾಸ್ ವಾಸ್ನ ಬತ್ತಾ ಅದಲ್ಲಕ್ಕ?" ಎಂದಳು. ಶಿವನಂಜಮ್ಮ ಕೇಳದವಳಂತೆ ನಿಂತಳು. ಬಂದ ನೆಂಟರ ಮುಂದೆ ಇನ್ನೊಬ್ಬರ ಮನೆಯ ಹುಳುಕು ಎತ್ತುವುದು ಆ ಊರಿನ ಮರ್ಯಾದೆಯಲ್ಲ, ಪುಟ್ಟಗೌರಮ್ಮ ಸುಮ್ಮನಾದಳು. ವಾಸನೆ ಹಿಡಿದ ಮಿಕ್ಕವರೂ ಸುಮ್ಮನಿದ್ದರು.

ಅಧ್ಯಕ್ಷರು ರಿಜಿಸ್ಟರು ತರಿಸಿದರು. ಐವತ್ತಾರು ಸಾಲುಗಳನ್ನು ಬೆರಳಾಡಿಸಿ ನೋಡಿ, ಸಂಜೆಯವರೆಗೆ ಕಾಯುವುದೇಕೆ, ಇವತ್ತಿನದನ್ನು ನಮ್ಮ ಮುಂದೆಯೇ ಬರಿ ಮಗಳೇ, ನಾನು ಸಾಕ್ಷಿ ಹಾಕುತ್ತೇನೆ ಎಂದು ತಮ್ಮ ಪೆನ್ನನ್ನೇ ಕೊಟ್ಟರು. ಫೋಟೋ ತೆಗೆಯುವವನು ಮುಂದೆ ಬಂದ. ಪವಿತ್ರ ಪೆನ್ನು ಹಿಡಿದಳು. ಬರೆಯುವ ಮೊದಲು ಒಮ್ಮೆ ತಲೆಯೆತ್ತಿ ತಾಯಿಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಶಿವನಂಜಮ್ಮ ತಡೆದುಕೊಳ್ಳುತ್ತಿದ್ದಳು. ನಿನ್ನ ಹೆಸರು ಹೊರಗೆ ಬರುವುದಿಲ್ಲ ಬಿಡು ಎಂಬಂಥ ಸಮಾಧಾನ ಅದರಲ್ಲಿತ್ತು. ತಾನು ಹೆತ್ತ ಕೂಸು ತನಗಾಗಿ ಐದು ಜನರ ಮುಂದೆ ಸುಳ್ಳು ಬರೆಯಲು ಹೊರಟಿದೆ ಎಂದು ತಾಯಿಗೆ ಅನಿಸಿತು. ಬೆಳಿಗ್ಗೆ ತಗಡು ಉಜ್ಜಿದ್ದಾಯಿತು, ಈಗ ಮಗಳನ್ನೂ ಉಜ್ಜುತ್ತಿದ್ದೇನೆ ಎಂದುಕೊಂಡಳು.

ಅವಳು ಯಾರಿಗೂ ಹೇಳದೆ ಕೊಟ್ಟಿಗೆಯ ಹಿಂದಕ್ಕೆ ನಡೆದಳು. ದಿನಕ್ಕೆ ಎರಡು ಸಲ ತಿರುಗಿಸುವ ತಿರುಪು ಅದು. ತಿರುಗಿಸಿದಳು.

ನೀಲಿ ಜ್ವಾಲೆ ಕುಗ್ಗಿತು, ಎರಡು ಸಲ ಚಟಪಟ ಎಂದಿತು, ಆರಿತು. ಹಿತ್ತಿಲಲ್ಲಿ ಗುಸುಗುಸು ಎದ್ದಿತು. ಆದರೆ ಮನೋಹರ ಅವರು ಪ್ರೊಫೆಸರಾದದ್ದು ಸುಮ್ಮನೆ ಅಲ್ಲ. ಆಕಾಶಕ್ಕೆ ಕೈ ತೋರಿಸಿ, ನೋಡಿ ಸಾರ್, ಒಂದು ತುಂಡು ಮೋಡ ಅಡ್ಡ ಬಂದದ್ದಕ್ಕೇ ಜ್ವಾಲೆ ನಿಂತಿತು, ನಮ್ಮ ಮಿಶ್ರಲೋಹ ಬೆಳಕಿಗೆ ಅಷ್ಟು ಸೂಕ್ಷ್ಮ ಎಂದರು. ಆಕಾಶದಲ್ಲಿ ಮೋಡವೇನೋ ಇತ್ತು; ಸೂರ್ಯನಿಂದ ಒಂದು ಮಾರು ದೂರದಲ್ಲಿ. ಅಧ್ಯಕ್ಷರು ಕಣ್ಣಿಗೆ ಕೈ ಅಡ್ಡ ಹಿಡಿದು ಅದನ್ನು ನೋಡಿ, ಅದ್ಭುತ ಎಂದು ಪಕ್ಕದವರಿಗೆ ಬರೆದುಕೊಳ್ಳಲು ಹೇಳಿದರು.

"ಮೋಡ ಅಲ್ಲ ಸಾಮಿ," ಶಿವನಂಜಮ್ಮ ಕೊಟ್ಟಿಗೆಯ ಮೂಲೆಯಿಂದ ಬಂದು ನಿಂತಳು. "ಆರಿಸ್ದೋಳು ನಾನು. ಅದು ನಮ್ ಸಗ್ಣಿ ಗ್ಯಾಸು."

ಸತ್ಯಮಂಗಲದ ಸಂತೆಯಲ್ಲಿ ಬೆಳ್ಳುಳ್ಳಿ ಮಾರಿ ಕಲಿತ ತಮಿಳು ಅವಳಿಗೆ ಸಾಕಷ್ಟಿತ್ತು. ಅದರಲ್ಲೇ ಎಲ್ಲ ಹೇಳಿದಳು. ಬೆಳಿಗ್ಗೆ ಮಸಿ ಎಂದುಕೊಂಡು ಉಜ್ಜಿದ್ದು, ಹುಣಸೆಹಣ್ಣು, ಇಟ್ಟಿಗೆಪುಡಿ, ಹುಲ್ಲಿನ ಕೆಳಗಿನ ಕೊಳವೆ. ಐವತ್ತಾರು ದಿನ ಈ ತಗಡು ಉರಿಸಿದ ಬೆಂಕಿ ನಿಜ ಎಂದು ಬೊಬ್ಬೆಯ ಕಲೆ ಉಳಿದ ಎರಡು ಬೆರಳು ತೋರಿಸಿದಳು. ಮಗಳದು ಏನೂ ತಪ್ಪಿಲ್ಲ, ಮತ್ತೆ ಬಳಿದು ಮತ್ತೆ ಮಾಡಲು ಒಂದು ಅವಕಾಶ ಕೊಡಿ ಎಂದು ಕೈ ಮುಗಿದಳು. ಆ ಕಡೆ ಪವಿತ್ರ ತಲೆ ಬಗ್ಗಿಸಿ ರಿಜಿಸ್ಟರಿನಲ್ಲಿ ಏನೋ ಬರೆದು ಮುಚ್ಚಿದಳು.

ಅಧ್ಯಕ್ಷರು ತೊಟ್ಟಿಯಿಂದ ಒಂದು ತಗಡು ತೆಗೆಸಿ ಎರಡೂ ಕೈಯಲ್ಲಿ ಹಿಡಿದು ನೋಡಿದರು. ಅದರಲ್ಲಿ ಅವರ ಮುಖವೇ ಕಂಡಿತು. ಹಾರ ಒಂದು ಕಡೆಗೆ ವಾಲಿತ್ತು, ಸರಿ ಮಾಡಿಕೊಂಡರು. ಪರವಾಯಿಲ್ಲಮ್ಮ, ಪರವಾಯಿಲ್ಲ ಎಂದು ತಗಡು ವಾಪಸು ಕೊಟ್ಟು, ಊಟ ಎಲ್ಲಿ ಎಂದು ವಿಚಾರಿಸಿದರು. ರಾಗಿ ಮುದ್ದೆ, ಅವರೆಕಾಳು ಸಾರು, ಪಾಯಸ ಇತ್ತು. ಐವರೂ ಎರಡೆರಡು ಸಲ ಬಡಿಸಿಕೊಂಡರು. ಮನೋಹರ ಮಾತ್ರ ಹೊಟ್ಟೆ ಸರಿಯಿಲ್ಲ ಎಂದು ಮಜ್ಜಿಗೆ ಕುಡಿದರು.

ಮೂರು ವಾರದ ಮೇಲೆ ವರದಿ ಬಂತು. ಪವಿತ್ರ ವಿಶ್ವವಿದ್ಯಾಲಯದಿಂದ ಅದರ ಪ್ರತಿ ತಂದು ಅಪ್ಪನಿಗೆ ಓದಿ ಹೇಳಿದಳು. ಒಳಗಿನಿಂದ ಶಿವನಂಜಮ್ಮನೂ ಕೇಳಿಸಿಕೊಂಡಳು. ಇಂಧನದ ಉತ್ಪಾದನೆ: ಇಲ್ಲ. ಫಲಕಗಳ ಸ್ವಚ್ಛತೆ ಮತ್ತು ನಿರ್ವಹಣೆ: ಅತ್ಯುತ್ತಮ. ಯೋಜನೆಯನ್ನು ಮುಂದುವರಿಸುವ ಅಗತ್ಯ ಕಾಣುವುದಿಲ್ಲ. ಆದರೆ ಆ ಸ್ಥಳದಲ್ಲಿರುವ ಗೋಬರ್ ಗ್ಯಾಸ್ ಸ್ಥಾವರದ ಜ್ವಾಲೆ ಗಮನಾರ್ಹವಾಗಿದ್ದು, ಅದರ ಬಗ್ಗೆ ಪ್ರೊಫೆಸರ್ ಮನೋಹರ ಅವರಿಂದ ಪ್ರತ್ಯೇಕ ಪ್ರಸ್ತಾವ ಆಹ್ವಾನಿಸಬಹುದು. ಪ್ರೊಫೆಸರು ಪ್ರಸ್ತಾವ ಕಳಿಸಿಯೂ ಆಗಿತ್ತು. ಆ ಸಂತೋಷದಲ್ಲಿ ಅವರು ಧಾರಾಳಿಯಾಗಿ, ಅವಧಿಯನ್ನು ಯುಗಾದಿಯವರೆಗೆ ಮುಂದೂಡಿಸುತ್ತೇನೆ, ಅರವತ್ತು ದಿನದ ಅಂಕಿ ತಂದುಕೊಟ್ಟರೆ ಪವಿತ್ರಳ ಪ್ರಬಂಧಕ್ಕೆ ಸಹಿ ಹಾಕುತ್ತೇನೆ, ಎಷ್ಟು ತಗಡಿನದಾದರೂ ಸರಿ ಎಂದಿದ್ದರು.

ಈ ಮೂರು ವಾರ ಶಿವನಂಜಮ್ಮ ಊರಿನಲ್ಲಿ ತಲೆ ತಗ್ಗಿಸಲಿಲ್ಲ. ನೀರು ಹಿಡಿಯುವಾಗ ಯಾರಾದರೂ ಕಿಸಕ್ಕೆಂದರೆ, ತಪ್ಪು ನನ್ನದು, ನನ್ನ ಮಗಳು ಕತ್ತು ಕುಯ್ದರೂ ಸುಳ್ಳು ಬರೆಯುವವಳಲ್ಲ ಎಂದು ಎದುರು ಹೇಳುತ್ತಿದ್ದಳು. ಪುಟ್ಟಗೌರಮ್ಮನಿಗಂತೂ ಇದನ್ನು ದಿನಕ್ಕೊಂದು ಸಲ ಹೇಳಿದ್ದಳು. ಆದರೆ ಮನೆಯಲ್ಲಿ ಆ ಮಗಳು ಅವಳೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಉಪ್ಪು ಎಂದರೆ ಉಪ್ಪು, ನೀರು ಎಂದರೆ ನೀರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ವರದಿ ಓದಿದ ಮಾರನೆಯ ಬೆಳಿಗ್ಗೆ ಪವಿತ್ರ ಹಿತ್ತಿಲ ಜಗಲಿಯ ಮೇಲೆ ಒಂದು ಸೀಸೆ, ಬಣ್ಣ ಬಳಿಯುವ ಕುಂಚ, ಮೂರು ತಗಡು ಇಟ್ಟುಕೊಂಡು ಕೂತಳು. ಸೀಸೆಯ ತಳದಲ್ಲಿ ಉಳಿದಿದ್ದ ಪುಡಿ ಅಷ್ಟಕ್ಕೇ ಸಾಲುತ್ತಿತ್ತು. ಶಿವನಂಜಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಹತ್ತಿರ ಹೋಗಲು ಧೈರ್ಯ ಬರಲಿಲ್ಲ, ಒಳಗೆ ಹೋಗಲು ಮನಸ್ಸು ಬರಲಿಲ್ಲ.

"ನಾನ್ ಅವತ್ತು ಬಾಯ್ ಬುಟ್ಟಿದ್ದು ತಪ್ಪಾಯ್ತಾ ಮಗ?" ಎಂದಳು ಕೊನೆಗೆ.

"ಉಜ್ಜಿದ್ದು ತಪ್ಪು ಅವ್ವ. ಅದ್ಕೆ ಇನ್ನೂ ನನ್ ಒಟ್ಟೆ ಉರಿತದ."

"ಅದ ಕೇಳ್ನಿಲ್ಲ ನಾನು."

ಪವಿತ್ರ ಕುಂಚ ಕೆಳಗಿಟ್ಟಳು. ಪಕ್ಕದಲ್ಲಿದ್ದ ರಿಜಿಸ್ಟರು ತೆಗೆದು, ಐವತ್ತೇಳನೆಯ ಸಾಲು ತೆರೆದು ತಾಯಿಯ ಕಡೆಗೆ ತಿರುಗಿಸಿದಳು. ಶಿವನಂಜಮ್ಮನಿಗೆ ಇಂಗ್ಲಿಷು ಬರುವುದಿಲ್ಲ, ಅಂಕಿ ಬರುತ್ತದೆ. ಅಲ್ಲಿ ಒಂದು ಸೊನ್ನೆ ಇತ್ತು. ಸೊನ್ನೆಯ ಹಿಂದೆ, ಅಡ್ಡ ಗೆರೆ ಎಳೆದು ಹೊಡೆದುಹಾಕಿದ ಒಂದರ ಅಂಕಿ ಇತ್ತು.

"ಅನ್ನೆರ್ಡು ಅಂತ ಬರೀತಿದ್ದೆ," ಎಂದಳು ಪವಿತ್ರ. "ನಿನ್ಗೋಸ್ಕರ ಅಂತ ನೀ ಅಂದ್ಕೊಂಡಿದ್ದೀಯ. ಅಲ್ಲ ಕಣವ್ವ. ನನ್ಗೇ ಬೇಕಾಗಿತ್ತು. ಒಂದು ಬರ್ದಾಗಿತ್ತು, ಎರ್ಡು ಬರಿಯೋಸ್ಟ್ರಲ್ಲಿ ಬೆಂಕಿ ಆರೋಯ್ತು."

ಶಿವನಂಜಮ್ಮ ಆ ಹೊಡೆದುಹಾಕಿದ ಒಂದನ್ನು ಬಹಳ ಹೊತ್ತು ನೋಡಿದಳು. ನೀರಿನ ನಲ್ಲಿಯ ಹತ್ತಿರ ಅಷ್ಟು ಜನಕ್ಕೆ ಎದೆ ತಟ್ಟಿಕೊಂಡು ಹೇಳಿದ ಮಾತೆಲ್ಲ ನೆನಪಿಗೆ ಬಂದು ಮುಖ ಬಿಸಿಯಾಯಿತು. ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು, ಎರಡೂ ಆಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಮಗಳ ಪಕ್ಕ ಕೂತು ಒಂದು ತಗಡನ್ನು ಎಳೆದುಕೊಂಡಳು.

"ಎಲ್ಲಿಂದ ಸುರು ಮಾಡ್ಬೇಕು ಯೋಳು," ಎಂದಳು.

"ಮೂಲೆಯಿಂದ," ಎಂದು ಪವಿತ್ರ ಕುಂಚವನ್ನು ಅವಳ ಕೈಗೆ ಕೊಟ್ಟಳು. "ತೆಳ್ಳಗೆ ಬಳಿಯವ್ವ."